ಗೇಮಪ್ಪನ ತೋಳಿನ ಹನ್ನೆರಡು ಅಂಕಿ

ಮುಂಡಗೋಡ ತಾಲ್ಲೂಕಿನ ಇಂದೂರಿನ ಪಕ್ಕದ ಲಂಬಾಣಿ ತಾಂಡಾದ ಗೇಮಪ್ಪ ತನ್ನ ಐವತ್ತು ವರ್ಷದ ಬಾಳಿನಲ್ಲಿ ಕಳೆದುಕೊಂಡ ಸಾಮಾನುಗಳ ಪಟ್ಟಿ ಮಾಡಿದ್ದರೆ ಅದನ್ನಿಡಲು ಒಂದು ಕಪಾಟೇ ಬೇಕಾಗುತ್ತಿತ್ತು, ಮತ್ತು ಆ ಕಪಾಟನ್ನೂ ಅವನು ಎಲ್ಲೋ ಬಿಟ್ಟು ಬರುತ್ತಿದ್ದ. ಕೊಡಲಿ, ಕೊಡೆ, ಒಂದು ಕಾಲಿನ ಚಪ್ಪಲಿ ಇವೆಲ್ಲ ಹೋಗಲಿ. ಆಧಾರ್ ಕಾರ್ಡನ್ನೇ ಅವನು ಮೂರು ಸಲ ಕಳೆದಿದ್ದ. ಮೊದಲನೆಯದನ್ನು ಎತ್ತು ತಿಂದಿತು. ಎರಡನೆಯದು ಅಂಗಿಯ ಕಿಸೆಯಲ್ಲಿದ್ದು ಹೆಂಡತಿ ಧರ್ಮಿಬಾಯಿಯ ಕೈಯಲ್ಲಿ ಒಗೆಸಿಕೊಂಡಿತು. ಕಾರ್ಡಿನ ಮೇಲೆ ಮುಖ ಹೋಗಿ ಬರೀ ಮೀಸೆ ಉಳಿಯಿತು. ಮೂರನೆಯದು ರಾಮನಗರದ ಬಸ್ಸಿನಲ್ಲಿ ಹೋಯಿತು. ಗೇಮಪ್ಪ ಇಳಿದ, ಕಾರ್ಡು ಇಳಿಯಲಿಲ್ಲ, ಅದು ಹಾಗೇ ಗೋವಾ ನೋಡಲು ಹೊರಟುಹೋಯಿತು.

ಈ ಕಾಟಕ್ಕೆ ಕಡೆಯ ಪರಿಹಾರ ಅವನಿಗೆ ಹೊಳೆದದ್ದು ಮುಂಡಗೋಡ ಸಂತೆಯಲ್ಲಿ. ಮಗಳು ಕಾಜಲ್‌ಗೆ ಹಳಿಯಾಳ ಕಡೆಯ ತಾಂಡಾದಲ್ಲಿ ಒಂದು ಸಂಬಂಧದ ಮಾತು ನಡೆದಿತ್ತು. ಹುಡುಗ ಸುಭಾಷ ದಾಂಡೇಲಿಯಲ್ಲಿ ಆಟೋ ಓಡಿಸುತ್ತಿದ್ದ. ಅವನ ಅಪ್ಪ ತುಳಸಿರಾಮ ನಾಲ್ಕು ಜನರಲ್ಲಿ ಮಾತು ನಡೆಯುವ ಮನುಷ್ಯ, ಅವ್ವ ಗೋದುಬಾಯಿ ತುಳಸಿರಾಮನ ಮೇಲೆ ಮಾತು ನಡೆಯುವ ಹೆಂಗಸು. ಮೊದಲ ಮಾತುಕತೆ ಚೆನ್ನಾಗಿ ಮುಗಿಸಿ, ಹೋಳಿಗೆ ಉಂಡು, ಹಿಗ್ಗಿನಲ್ಲಿ ವಾಪಸು ಬರುತ್ತಿದ್ದ ಗೇಮಪ್ಪನಿಗೆ ಸಂತೆಯ ಬಳೆ ಅಂಗಡಿಯ ಪಕ್ಕ ಹಚ್ಚೆ ಹಾಕುವವನು ಕಂಡ. ಗೇಮಪ್ಪನ ಸತ್ತ ತಾಯಿ ಹಣೆ, ಗಲ್ಲ, ಮೊಣಕೈವರೆಗೂ ಹಚ್ಚೆ ಹಾಕಿಸಿಕೊಂಡವಳು. ಸಾಯುವಾಗ ಬೆಳ್ಳಿ, ಬಟ್ಟೆ ಎಲ್ಲ ಇಲ್ಲೇ ಉಳಿಯುತ್ತವೆ, ಜೊತೆಗೆ ಬರುವುದು ಹಚ್ಚೆ ಒಂದೇ ಎಂದು ಆಕೆ ಹೇಳುತ್ತಿದ್ದಳು. ಗೇಮಪ್ಪ ನಿಂತಲ್ಲೇ ನಿಂತ.

"ಏನ್ ಬರೀಲಿ ಕಾಕಾ? ಕಾಕಿ ಹೆಸರು?" ಎಂದ ಹಚ್ಚೆಯವನು.

"ಆಕಿ ಎಲ್ಲಿ ಕಳೀತಾಳಪ್ಪಾ. ಕಳಿಯೂದನ್ನ ಬರಿ," ಎಂದು ಗೇಮಪ್ಪ ಕಿಸೆಯಲ್ಲಿದ್ದ ಆಧಾರ್ ಝೆರಾಕ್ಸ್ ತೆಗೆದುಕೊಟ್ಟ. ಅವನಿಗೆ ಅಂಕಿ ಬರುತ್ತಿದ್ದವು, ಅಕ್ಷರ ಅಷ್ಟಕ್ಕಷ್ಟೆ. ಹಚ್ಚೆಯವನಿಗೂ ಅಂಕಿಗಳಷ್ಟೇ ಬೇಕಾಗಿದ್ದವು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹನ್ನೆರಡು ಅಂಕಿಗಳು, ದೂರದಿಂದ ಬಸ್ಸಿನ ಬೋರ್ಡು ಓದುವಂತೆ ಓದಬಹುದಾದಷ್ಟು ದಪ್ಪಗೆ, ಬಲಗೈ ಮೇಲೆ ಮೂಡಿದವು. ಕೆಲಸವಾದ ಮೇಲೆ ಆ ಝೆರಾಕ್ಸಿನಲ್ಲಿ ಚುರುಮುರಿ ಕಟ್ಟಿಸಿಕೊಂಡು ತಿನ್ನುತ್ತ ಗೇಮಪ್ಪ ಮನೆಗೆ ಬಂದ. ಇನ್ನು ಆ ಕಾಗದದ ಹಂಗು ಅವನಿಗಿರಲಿಲ್ಲ.

ಧರ್ಮಿಬಾಯಿ ತೋಳು ನೋಡಿದಳು, ಗಂಡನ ಮುಖ ನೋಡಿದಳು, ಆಮೇಲೆ ಕೊಟ್ಟಿಗೆ ಕಡೆ ನೋಡಿದಳು.

"ನಮ್ಮ ಎಮ್ಮಿಗೂ ಸರಕಾರದವ್ರು ಹನ್ನೆರಡ ಅಂಕಿ ಬಿಲ್ಲೆ ಹಾಕ್ಯಾರ. ಆದ್ರ ಅದು ಕಿವಿಗೆ ಹಾಕಿಸ್ಕೊಂಡೈತಿ, ಒಯ್ದು ಮಂದಿಗೆ ತೋರಸಂಗಿಲ್ಲ," ಎಂದಳು.

ಗೇಮಪ್ಪ ತೋರಿಸಿದ. ಇಂದೂರ ಕ್ರಾಸಿನ ಕಾಶೆವ್ವನ ಚಹಾದಂಗಡಿಯಲ್ಲಿ ಬಲಗೈಯಿಂದಲೇ ಲೋಟ ಎತ್ತಿ, ಚಹಾ ಆರುವವರೆಗೂ ಎತ್ತಿ ಹಿಡಿದು ತೋರಿಸಿದ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು, ಕೂರಲು ಜಾಗವಿದ್ದರೂ ನಿಂತೇ ತೋರಿಸಿದ. "ನೀವು ಕಾರ್ಡ್ ಹುಡುಕ್ರಿ. ನಂದು ನನ್ನ ಸಂಗಾಟ ಸುಡಗಾಡ ತನಕ ಬರ್ತೈತಿ. ಮ್ಯಾಲೆ ಹೋದ ಮ್ಯಾಲೂ ಕೇಳಿದ್ರ ತೋಳ ಮುಂದ ಮಾಡೂದ," ಎನ್ನುತ್ತಿದ್ದ. ಮೇಲೆ ಕೇಳಿಯೇ ಕೇಳುತ್ತಾರೆ ಎಂಬುದರಲ್ಲಿ ತಾಂಡಾದ ಯಾರಿಗೂ ಸಂಶಯವಿರಲಿಲ್ಲ. ಹೆಣ್ಣುಮಕ್ಕಳು ಹಗ್ಗ ಜಿಗಿಯುವಾಗ ಒಂದು, ಎರಡು ಬಿಟ್ಟು ಗೇಮಪ್ಪನ ನಂಬರನ್ನೇ ಎಣಿಸತೊಡಗಿದರು. ಹನ್ನೆರಡಕ್ಕೆ ಸರಿಯಾಗಿ ಒಂದು ಆಟ ಮುಗಿಯುತ್ತಿತ್ತು.

ಒಂದೇ ಒಂದು ಕೊರತೆಯೆಂದರೆ ಊರಲ್ಲೇ ಬೆರಳಚ್ಚು ಪಡೆದು ಹಣ ಕೊಡುವ ಬ್ಯಾಂಕ್ ಮಿತ್ರ ಸುಮನಳ ಮಷೀನು. ಆಕೆ ತೋಳು ನೋಡಿ ನಂಬರ್ ಒತ್ತುವಳು, ಗೇಮಪ್ಪ ಹೆಬ್ಬೆರಳಿಡುವನು, ಮಷೀನು ಒಲ್ಲೆ ಎನ್ನುವುದು. "ಕಬ್ಬು ಕಡದು ಕಡದು ಬೆರಳಿನ ಗೆರಿ ಸವದಾವು ಕಾಕಾ," ಎಂದು ಸುಮನ ಹೇಳಿದಳು. ದುಡಿಯುವವನ ಬೆರಳು ಸವೆಯುತ್ತದೆ, ಇದರಲ್ಲಿ ನಾಚುವುದೇನಿದೆ? ಗೇಮಪ್ಪ ಅದನ್ನೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ.

ಹೀಗೆ ನಾಲ್ಕು ತಿಂಗಳು ಕಳೆದಿರಬೇಕು. ಒಂದು ದಿನ ಪಂಚಾಯ್ತಿ ಕಟ್ಟಡದಲ್ಲಿ ಸೈಬರ್ ಮೋಸದ ಬಗ್ಗೆ ತಿಳಿವಳಿಕೆ ಕಾರ್ಯಕ್ರಮ ಇಟ್ಟರು. ಬಂದವರಿಗೆ ಅವಲಕ್ಕಿ ಇದೆ ಎಂದು ಡಂಗುರ ಹೊಡೆಸಿದ್ದರಿಂದ ಭವನ ತುಂಬಿತ್ತು. ಗೇಮಪ್ಪ ಮೊದಲ ಸಾಲಿನಲ್ಲಿ ಕೂತ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು. ಪೊಲೀಸ್ ಸಾಹೇಬ ವೀರೇಶ ಮೈಕು ಹಿಡಿದರು.

"ನೋಡ್ರಿ, ಈಗಿನ ಕಳ್ಳಗ ಗ್ವಾಡಿ ಒಡ್ಯೂ ಕೆಲಸಿಲ್ಲ. ನಿಮ್ಮ ಆಧಾರ್ ನಂಬರ್ ಸಿಕ್ರ ಅಲ್ಲಿಂದ ಸುರು ಮಾಡ್ತಾನ. ನಿಮ್ಮ ಹೆಸರ್ಲೆ ಸಿಮ್ ತಗೋತಾನ, ನಿಮ್ಮ ಹೆಸರ್ಲೆ ಏನರ ಮಾಡ್ತಾನ, ಪೊಲೀಸ್ರು ಬಂದು ನಿಂದ್ರೂದು ನಿಮ್ಮ ಬಾಗಲಕ್ಕ. ಕಂಡಕಂಡವ್ರಿಗೆ ಝೆರಾಕ್ಸ್ ಕೊಡಬ್ಯಾಡ್ರಿ. ಕೊಡಲೇಬೇಕಂದ್ರ ಮೊದಲಿನ ಎಂಟು ಅಂಕಿ ಮುಚ್ಚಿದ್ದು ಬರ್ತೈತಿ, ಅದನ್ನ ಕೊಡ್ರಿ. ಕಡೀ ನಾಕು ಕಂಡ್ರ ಅಡ್ಡಿಯಿಲ್ಲ. ನಂಬರ್ ಅಂದ್ರ ಮೈಯ್ಯಾಗಿನ ಗುಟ್ಟು ಇದ್ದಂಗ, ಅದನ್ನ ಯಾರರ ಮಂದಿಗೆ..."

ಸಾಹೇಬರ ಕಣ್ಣು ಮೊದಲ ಸಾಲಿಗೆ ಇಳಿಯಿತು. ಮೈಕು ಮಾತ್ರ ಗುಂಯ್ ಎನ್ನುತ್ತಿತ್ತು.

"ಯಜಮಾನ್ರ, ನಿಮ್ಮ ಕೈ ಮ್ಯಾಲೆ ಏನ್ರಿ ಅದು?"

"ಆಧಾರ್ ರೀ ಸಾಹೇಬ್ರ," ಎಂದು ಗೇಮಪ್ಪ ಎದ್ದು ನಿಂತು, ಹಿಂದಿನವರಿಗೂ ಕಾಣಲೆಂದು ತೋಳನ್ನು ಒಂದು ಸುತ್ತು ತಿರುಗಿಸಿದ.

ವೀರೇಶ ಸಾಹೇಬರು ಹದಿನೈದು ಊರುಗಳಲ್ಲಿ ಇದೇ ಭಾಷಣ ಮಾಡಿದವರು. ಇಂಥದ್ದಕ್ಕೆ ಏನು ಹೇಳಬೇಕೆಂದು ಅವರಿಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಕಡೆಗೆ ತಮ್ಮ ಕರವಸ್ತ್ರವನ್ನೇ ಎಸೆದರು.

"ಮುಚ್ಚಿಕೋರಿ! ಮೊದಲ ಮುಚ್ಚಿಕೋರಿ!"

ಅವತ್ತು ಗೇಮಪ್ಪ ಅವಲಕ್ಕಿ ತಿನ್ನಲಿಲ್ಲ. ಅದೊಂದರಿಂದಲೇ ತಾಂಡಾದವರಿಗೆ ವಿಷಯದ ತೂಕ ತಿಳಿಯಿತು.

ಮನೆಗೆ ಬಂದು ಲೆಕ್ಕ ಹಾಕಿದ: ನಂಬರ್ ಯಾರು ಯಾರು ನೋಡಿದ್ದಾರೆ? ನೋಡದವರನ್ನು ಎಣಿಸುವುದೇ ಸುಲಭವೆನಿಸಿತು. ಹಾಗಾದರೆ ಉಳಿದ ದಾರಿ ಒಂದೇ. ಮರುದಿನ ಬೆಳಿಗ್ಗೆ ಪೂರ್ತಿ ತೋಳಿನ ಅಂಗಿ ತೊಟ್ಟು ಮನೆ ಮನೆಗೆ ಹೊರಟ.

"ನನ್ನ ನಂಬರ್ ಮರತ ಬಿಡ್ರಿ."

"ಯಾವ ನಂಬರೋ ಗೇಮಪ್ಪಾ?"

"ಅದ, ಐದು ಎರಡರಿಂದ ಸುರು ಆಗ್ತೈತಲ್ಲ, ಅದು."

"ಐದು ಎರಡಾ? ನಾ ಎರಡು ಐದು ಅಂದ್ಕೊಂಡಿದ್ನಿ."

"ಏ, ಅಲ್ಲ. ಐದು ಎರಡು."

ಕಾಶೆವ್ವನ ಅಂಗಡಿಯಲ್ಲಂತೂ ಆಕೆ ಸೌಟು ಕೆಳಗಿಟ್ಟು ಗಂಭೀರವಾಗಿ ಕೂತಳು. "ನೋಡು ತಮ್ಮಾ, ನನಗ ಮೊದಲ ನೆಪ್ಪು ಕಡಿಮಿ. ಯಾವುದನ್ನ ಮರೀಬೇಕು ಅನ್ನೂದನ್ನ ಸರಿಯಾಗಿ ಹೇಳಿಬಿಡು, ತಪ್ಪಿ ಬ್ಯಾರೆ ಏನರ ಮರತ್ರ ಕಷ್ಟ." ಗೇಮಪ್ಪ ಹನ್ನೆರಡೂ ಅಂಕಿ ಬಿಡಿಸಿ ಬಿಡಿಸಿ ಹೇಳಿದ. ಬಾಕಿನ ಮೇಲೆ ಕೂತಿದ್ದ ಹತ್ತು ಜನ, ಅದುವರೆಗೆ ಆ ನಂಬರಿನ ಗೊಡವೆಗೇ ಹೋಗದವರು, ಮರೆಯಲೆಂದು ಬಾಯಿಪಾಠ ಮಾಡಿಕೊಂಡರು. ಸಂಜೆಯ ಹೊತ್ತಿಗೆ ಇಂದೂರಿನಲ್ಲಿ ತಮ್ಮ ನಂಬರ್ ಗೊತ್ತಿಲ್ಲದ, ಗೇಮಪ್ಪನ ನಂಬರ್ ಗೊತ್ತಿರುವ ಮಂದಿಯ ಸಂಖ್ಯೆ ಎರಡರಷ್ಟಾಯಿತು.

ಬಿಸಿಲಿಗೆ ಪೂರ್ತಿ ತೋಳಿನ ಅಂಗಿ ತಡೆಯಲಾಗದೆ ಅವನು ಬಟ್ಟೆ ಸುತ್ತಿಕೊಳ್ಳಲು ನಿರ್ಧರಿಸಿದ. ಧರ್ಮಿಬಾಯಿ ತನ್ನ ಹಳೆಯ ಲಂಗದ ಅಂಚು ಹರಿದುಕೊಟ್ಟಳು, ಅದರಲ್ಲಿ ಹೊಲಿದ ಕನ್ನಡಿ ಚೂರುಗಳ ಸಮೇತ. ಸುತ್ತಿದವನು ಮಿಂಗೇಲ್, ಪಕ್ಕದ ಸಿದ್ದಿ ಕೇರಿಯವನು, ಕಬ್ಬಿನ ಗದ್ದೆಯಲ್ಲಿ ಇಪ್ಪತ್ತು ವರ್ಷದ ಜೊತೆಗಾರ. ಬಟ್ಟೆಯೇನೋ ನಂಬರನ್ನು ಮುಚ್ಚಿತು. ಆದರೆ ಗೇಮಪ್ಪ ಕೈ ಬೀಸಿ ನಡೆದರೆ ಕನ್ನಡಿಗಳು ಫಳಫಳ ಹೊಳೆದು ಮೂರು ಹೊಲದಾಚೆ ಮೇಯುವ ದನಗಳೂ ಕತ್ತೆತ್ತಿ ನೋಡುತ್ತಿದ್ದವು.

"ಮೊದಲ ಓದಾಕ ಬರೂ ಮಂದಿ ಅಷ್ಟ ನೋಡ್ತಿದ್ರು," ಎಂದ ಮಿಂಗೇಲ್. "ಈಗ ಎಲ್ಲಾರೂ ನೋಡ್ತಾರ."

ನಂಬರಿನ ಸುದ್ದಿ ಗೊತ್ತಿಲ್ಲದ ಪರವೂರಿನ ಜನ ನೋಡಿ ಸುಮ್ಮನಿರುವುದಿಲ್ಲ. ಹಾವು ಕಡಿದಿದೆ ಎಂದರು. ಚರ್ಮದ ರೋಗ, ಮುಟ್ಟಿದರೆ ಹತ್ತುತ್ತದೆ ಎಂದರು. ಯಾವುದೋ ಹೆಂಗಸಿನ ಹೆಸರು ಬರೆಸಿಕೊಂಡು ಮುಚ್ಚಿದ್ದಾನೆ ಎಂದೂ ಒಬ್ಬ ಹೇಳಿದ. ಅದು ಕಿವಿಗೆ ಬಿದ್ದಾಗ ಧರ್ಮಿಬಾಯಿ ನಕ್ಕುಬಿಟ್ಟಳು: "ಇಂವಗ ಇನ್ನೊಬ್ಬಾಕಿ ಇದ್ದಿದ್ರ ಇಷ್ಟೊತ್ತಿಗೆ ಆಕಿನ್ನೂ ಯಾವುದರ ಬಸ್ಸಿನ್ಯಾಗ ಮರತ ಬಂದಿರ್ತಿದ್ದ."

ಇನ್ನು ನಂಬರನ್ನೇ ಬದಲಿಸಿಬಿಡೋಣವೆಂದು ಗೇಮಪ್ಪ ಮಿಂಗೇಲನನ್ನು ಕಟ್ಟಿಕೊಂಡು ದಾಂಡೇಲಿಗೆ ಹೋದ. ಆಧಾರ್ ಸೆಂಟರಿನಲ್ಲಿ ಪೂನಂ ಎಂಬ ಹುಡುಗಿ ಕೂತಿದ್ದಳು.

"ಏನಾಗಬೇಕ್ರಿ?"

"ನಂಬರ್ ಬದ್ಲಿ ಮಾಡ್ಬೇಕವಾ."

"ಹೆಸರು ಬದ್ಲಿ ಮಾಡಬಹುದ್ರಿ, ಊರು ಮಾಡಬಹುದು, ಕಾಗದ ಇದ್ರ ಹುಟ್ಟಿದ ತಾರೀಖೂ ಮಾಡಬಹುದು. ನಂಬರ್ ಆಗಂಗಿಲ್ಲ."

"ನೋಡೋ ಮಿಂಗೇಲಾ. ಹುಟ್ಟಿದ್ದ ಬದ್ಲಿ ಆಗ್ತೈತಂತ, ನಂಬರ್ ಆಗಂಗಿಲ್ಲಂತ!"

"ಒಮ್ಮೆ ಚೆಕ್ ಮಾಡ್ತೇನಿ. ಈಗಿನ ನಂಬರ್ ಹೇಳ್ರಿ," ಎಂದಳು ಪೂನಂ.

ಗೇಮಪ್ಪ ಎಲ್ಲ ಬಲ್ಲವನ ನಗೆ ನಕ್ಕ. "ಅಷ್ಟ ಸರಳ ಸಿಗಂಗಿಲ್ಲ ತಂಗಿ."

"ಹೋಗ್ಲಿ, ಬೆರಳರ ಇಡ್ರಿ."

ಗೇಮಪ್ಪ ಮುಷ್ಟಿ ಬಿಗಿ ಹಿಡಿದ.

"ಈ ಮಷೀನಿನ್ಯಾಗ ಕಣ್ಣರ ತೋರಸ್ರಿ."

ಗೇಮಪ್ಪ ಕಣ್ಣು ಮುಚ್ಚಿಕೊಂಡ.

"ಹಂಗಾದ್ರ ನೀವು ಯಾರು ಅಂತ ನನಗ ಹೆಂಗ ಗೊತ್ತಾಗಬೇಕ್ರಿ ಕಾಕಾ?"

"ಗೊತ್ತಾಗಬಾರದು ಅಂತನ ಇಷ್ಟ ದೂರ ಬಂದೇನಿ," ಎಂದ ಗೇಮಪ್ಪ, ಕಣ್ಣು ತೆರೆಯದೆ. ಮಿಂಗೇಲ್ ಅವನ ಕೈ ಹಿಡಿದು ಹೊರಗೆ ಕರೆತಂದ. ಮೆಟ್ಟಿಲಿಳಿಯುವಾಗ ಒಬ್ಬ ಕಣ್ಣು ಮುಚ್ಚಿದವನು, ತೋಳಿಗೆ ಬಟ್ಟೆ ಸುತ್ತಿದವನು, ಇನ್ನೊಬ್ಬನ ಆಸರೆಯಲ್ಲಿ ತಡವರಿಸುತ್ತ ಬರುವುದನ್ನು ಎದುರಿಗೆ ಆಟೋ ನಿಲ್ಲಿಸಿಕೊಂಡಿದ್ದ ಸುಭಾಷ ನೋಡಿದ. ಮಾವನಾಗುವವನ ಗುರುತು ಹತ್ತಿ ಓಡಿ ಬಂದ.

"ಮಾಮಾ, ಕೈಗೇನಾತ್ರಿ?"

"ಹೇಳಾಕ ಬರಂಗಿಲ್ಲ."

"ಡಾಕ್ಟರಿಗೆ ತೋರಿಸೀರೇನು?"

"ಯಾರಿಗೂ ತೋರಸಂಗಿಲ್ಲಪಾ. ತೋರಿಸಿದ್ರ ನನ್ನ ಕತಿ ಮುಗೀತು."

"ಯಾವಾಗ ಕಡಿಮಿ ಆಗ್ತೈತ್ರಿ?"

"ಇದು ಕಡಿಮಿ ಆಗೂದಲ್ಲ. ಸತ್ತ ಮ್ಯಾಲೂ ಬೆನ್ನ ಹತ್ತಿ ಬರೂದು," ಎಂದು ನಿಟ್ಟುಸಿರುಬಿಟ್ಟ ಗೇಮಪ್ಪ. ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ.

ಸುಭಾಷ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಮನೆಗೆ ಫೋನ್ ಮಾಡಿದ. ಮರುದಿನ ಹಳಿಯಾಳ ಕಡೆಯಿಂದ ಧರ್ಮಿಬಾಯಿಗೆ ಗೋದುಬಾಯಿಯ ಫೋನ್ ಬಂತು. ಗೋದುಬಾಯಿ ಫೋನಿನಲ್ಲಿ ಮಾತಾಡಿದರೆ ಫೋನು ಇಲ್ಲದಿದ್ದರೂ ಕೇಳುತ್ತಿತ್ತೇನೋ.

"ಬರೂ ಐತವಾರ ಬೆಲ್ಲ ತಿನ್ನೂ ಶಾಸ್ತ್ರಕ್ಕ ಬರ್ತೇವಿ. ನಾಯಕನ ಎದುರಿಗೆ ನಿನ್ನ ಗಂಡ ತೋಳು ಬಿಚ್ಚಿ ತೋರಿಸಿದ್ರ ಬೆಲ್ಲ. ಇಲ್ಲಾಂದ್ರ ನಾವು ಬಂದ ಟ್ರ್ಯಾಕ್ಸ್ ಗಾಡಿಗೋಳಾಗ ಹಂಗ ವಾಪಸ್. ಮುಚ್ಚಿಟ್ಟ ಮನಿ ಹುಡುಗಿ ನಮಗ ಬ್ಯಾಡ."

ತಾಂಡಾದಲ್ಲಿ ಸಂಬಂಧವೆಂದರೆ ಬೆಲ್ಲ. ಬಾಯಿಮಾತು ಎಷ್ಟೇ ಆಗಿರಲಿ, ತಾಂಡಾದ ಮುಖ್ಯಸ್ಥನಾದ ನಾಯಕನ ಎದುರಿಗೆ ಎರಡೂ ಕಡೆಯವರು ಬೆಲ್ಲ ತಿಂದರೆ ಅದು ಕಲ್ಲಿನ ಗೆರೆ. ತಿನ್ನದಿದ್ದರೆ ಏನೂ ಇಲ್ಲ. ಮುಚ್ಚಿದ್ದು ಆಧಾರ್ ಎಂದು ಹೊರಗಿನವರಿಗೆ ಬಾಯಿ ಬಿಡಬಾರದೆಂದು ಗೇಮಪ್ಪ ಮನೆಯವರಿಂದ ಆಣೆ ಮಾಡಿಸಿಕೊಂಡಿದ್ದ. ಕಾಜಲ್ ಹೊಲಿಗೆ ಮಷೀನು ಬಿಟ್ಟು ಎದ್ದು ಬಂದು ಅಪ್ಪನ ಎದುರಿಗೆ ಕೂತಳು.

"ಅಪ್ಪಾ, ನನಗ ಸುಭಾಷನ ಬೇಕು. ಬ್ಯಾರೆ ಯಾರನ್ನೂ ನಾ ಮಾಡ್ಕೊಳ್ಳಂಗಿಲ್ಲ. ನಿನಗ ನಂಬರ್ ದೊಡ್ಡದೋ, ನಾನೋ, ಅಷ್ಟ ಹೇಳಿಬಿಡು."

"ನೀನ ಅವ್ವಾ. ಆದ್ರ ಅವ್ರ ಕಡೆಯಿಂದ ನಲವತ್ತ ಮಂದಿ ಬರ್ತಾರ, ನಲವತ್ತೂ ಮಂದಿ ಕೈಯಾಗ ಫೋನ್ ಇರ್ತಾವು. ಒಂದ ಫೋಟೋ ಹೋದ್ರ ಸಾಕು, ನಾಳೆ ಯಾವನೋ ನನ್ನ ಹೆಸರ್ಲೆ ಏನರ ಮಾಡಿ, ಪೊಲೀಸ್ರು ಬಂದು, ನಿನ್ನ ಲಗ್ನದ ಚಪ್ಪರದಾಗ ನಿಂತ್ರ?"

ಅವನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವಂತಿರಲಿಲ್ಲ. ಅದೇ ತೊಂದರೆ.

ಐತವಾರ ಬಂತು. ನಾಯಕನ ಮನೆ ಅಂಗಳದಲ್ಲಿ ಜಮಖಾನೆ ಹಾಸಿ, ನಡುವೆ ತಾಟಿನಲ್ಲಿ ಬೆಲ್ಲದ ರಾಶಿ ಇಟ್ಟಿದ್ದರು. ಒಂದು ಕಡೆ ತುಳಸಿರಾಮ, ಗೋದುಬಾಯಿ, ಸುಭಾಷ, ಅವರ ಮಂದಿ. ಇನ್ನೊಂದು ಕಡೆ ಗೇಮಪ್ಪ, ತೋಳಿನಲ್ಲಿ ಕನ್ನಡಿ ಹೊಳೆಸುತ್ತ. ಅವನ ಪಕ್ಕ ಧರ್ಮಿಬಾಯಿ, ಮಿಂಗೇಲ್. ಕಾಜಲ್ ಬಾಗಿಲ ಹಿಂದೆ ನಿಲ್ಲಬೇಕಾದವಳು ಬಾಗಿಲ ಮುಂದೆಯೇ ನಿಂತಿದ್ದಳು.

"ಬಿಚ್ಚು ಗೇಮಪ್ಪಾ," ಎಂದ ನಾಯಕ.

"ಬಿಚ್ಚತೇನಿ. ಮೊದಲ ಎಲ್ಲಾರ ಫೋನೂ ಮೊರದಾಗ ಬೀಳಲಿ."

ಗೊಣಗಾಟವಾಯಿತು. ಆದರೂ ನಾಯಕ ಹೇಳಿದ್ದಕ್ಕೆ ಫೋನುಗಳು ಬಂದವು. ಮೊರ ತುಂಬಿ, ಎರಡನೆಯ ಮೊರ ತರಿಸಬೇಕಾಯಿತು. ಅಷ್ಟರಲ್ಲಿ ನಾಲ್ಕೈದು ಫೋನುಗಳು ಒಟ್ಟಿಗೆ ಬಾರಿಸತೊಡಗಿ, ತಮ್ಮದು ಎಂದು ಹದಿನೈದು ಜನ ಮೊರಕ್ಕೆ ಕೈಹಾಕಿ, ಒಬ್ಬರ ಫೋನು ಇನ್ನೊಬ್ಬರ ಕಿವಿಗೆ ಹೋಗಿ, ಮಿಂಗೇಲ್ ಯಾರದೋ ಅತ್ತೆಯೊಂದಿಗೆ ಐದು ನಿಮಿಷ ಸುಖದುಃಖ ಮಾತಾಡಿದ. ಎಲ್ಲ ತಣ್ಣಗಾದ ಮೇಲೆ ಗೇಮಪ್ಪ ಹೇಳಿದ:

"ಫೋನ್ ಹೋದ್ವು. ಕಣ್ಣು ಉಳದಾವು. ಅವನ್ನೇನ ಮಾಡೂಣು?"

"ನೋಡ್ರಿ, ನೋಡ್ರಿ!" ಎಂದು ಗೋದುಬಾಯಿ ಎದ್ದೇಬಿಟ್ಟಳು. "ರೋಗ ಐತಿ, ಅದಕ್ಕ ಹಿಂಗ ಮಾಡಾಕತ್ಯಾನ. ಏಳ್ರಿ, ಹೋಗೂಣು."

"ರೋಗಲ್ಲ ಅತ್ತಿ, ಆಧಾರ್!" ಎಂದು ಕಾಜಲ್ ಕೂಗಿದಳು. "ಅಪ್ಪ ತೋಳಿನ ಮ್ಯಾಲೆ ಆಧಾರ್ ನಂಬರ್ ಹಚ್ಚಿ ಹಾಕಿಸ್ಕೊಂಡಾನ. ಮಂದಿ ನೋಡಬಾರದಂತ ಪೊಲೀಸ್ ಸಾಹೇಬ್ರು ಹೇಳ್ಯಾರ. ಕಡೀ ನಾಕು ಅಂಕಿ ತೋರಿಸಿದ್ರ ಅಡ್ಡಿಯಿಲ್ಲಂತ ಅವ್ರ ಹೇಳ್ಯಾರ. ಅಪ್ಪಾ, ನಾಕ ಅಂಕಿ ತೋರಿಸು. ರೋಗ ಐತೋ ಇಲ್ಲೋ ಚರ್ಮ ಕಾಣ್ತೈತಿ, ನಂಬರ್ ಕಾಣಂಗಿಲ್ಲ."

ಅಂಗಳದಲ್ಲಿ ಮೆಚ್ಚುಗೆಯ ಸದ್ದಾಯಿತು. ಸರಕಾರದ ಮಾತಿನಂತೆಯೇ ನಡೆದರೆ ಗೇಮಪ್ಪ ಇನ್ನೇನು ಹೇಳಿಯಾನು? ಮಣಿಕಟ್ಟಿನ ಕಡೆಯ ಸುತ್ತನ್ನಷ್ಟೇ ಮೇಲೆ ಸರಿಸಿ, ಕೈ ಮುಂದೆ ಚಾಚಿದ. ಅಕ್ಷರ ಬಲ್ಲವನೆಂದು ಸುಭಾಷನನ್ನು ನೋಡಲು ಕಳಿಸಿದರು.

ಸುಭಾಷ ಬಗ್ಗಿ ನೋಡಿದ. "ಚರ್ಮ ಸ್ವಚ್ಛ ಐತಿ," ಎಂದ ಖುಷಿಯಿಂದ. ಇನ್ನೊಮ್ಮೆ ನೋಡಿದ. ಹುಬ್ಬು ಗಂಟಾದವು. ಅಪ್ಪನ ಗ್ಯಾಸು, ಅಪ್ಪನ ವಿಮೆ, ಅಪ್ಪನ ರೇಷನ್ನು ಎಲ್ಲದರ ಫಾರ್ಮು ತುಂಬುತ್ತಿದ್ದವನು ಅವನೇ. "ಅಪ್ಪಾ... ಇಲ್ಲಿ ಸ್ವಲ್ಪ ಬಾ."

ತುಳಸಿರಾಮ ಬಂದ. ಮಗ ಕಿವಿಯಲ್ಲಿ ಏನೋ ಹೇಳಿದ. ತುಳಸಿರಾಮ ಒಂದು ಕಂಬಳಿ ಕೇಳಿದ. ನಾಯಕನ ಮನೆಯಿಂದ ಕಂಬಳಿ ಬಂತು. ಅಪ್ಪ, ಮಗ, ಗೇಮಪ್ಪ ಮೂವರೂ ಅದನ್ನು ತಲೆ ಮೇಲೆ ಹೊದ್ದುಕೊಂಡರು. ನಲವತ್ತು ಜನರ ನಡುವೆ ಕಂಬಳಿಯೊಂದು ಅಲುಗುತ್ತ ಕೂತಿತ್ತು. ಒಳಗಿನಿಂದ "ಕೈ ಸರಳ ಹಿಡೀರಿ" ಎಂದು ಕೇಳಿಸಿತು. "ಬೆಳಕಿಲ್ಲೋ" ಎಂದು ಕೇಳಿಸಿತು. ಐದು, ಎರಡು ಎಂದು ಯಾರೋ ಪಿಸುಗುಟ್ಟಿದರು.

ಕಂಬಳಿ ಹಾರಿತು. ತುಳಸಿರಾಮ ಎದ್ದು ನಿಂತಿದ್ದ.

"ಇದು ನನ್ನ ನಂಬರ್! ಹನ್ನೆರಡಕ್ಕ ಹನ್ನೆರಡೂ ನಂದು!"

ಕಾಜಲ್ ಮುಂದೆ ಬಂದಳು. "ಅಪ್ಪಾ, ಹಚ್ಚಿ ಹಾಕೂ ಮನಷ್ಯಾಗ ಯಾವ ಕಾಗದ ಕೊಟ್ಟಿದ್ದಿ?"

"ಕಿಸೆದಾಗಿನ ಝೆರಾಕ್ಸ್."

"ಅವತ್ತ ಎಲ್ಲಿಂದ ಬರಾಕತ್ತಿದ್ದಿ?"

"ಇವ್ರ ಮನಿಯಿಂದ."

ಈಗ ಎಲ್ಲರಿಗೂ ಹೊಳೆಯಿತು. ತಾಂಡಾಗಳಲ್ಲಿ ಹೆಣ್ಣುಗಂಡಿನ ಮಾತು ಶುರುವಾಗುವ ದಿನ ಮನೆತನದ ಹೆಸರು ನೋಡುವುದುಂಟು. ರಾಠೋಡರು ರಾಠೋಡರಿಗೆ ಹೆಣ್ಣು ಕೊಡುವಂತಿಲ್ಲ. ಮೊದಲು ಬಾಯಿಂದ ಕೇಳುತ್ತಿದ್ದರು, ಈಗ ಅಪ್ಪಂದಿರು ಆಧಾರ್ ಝೆರಾಕ್ಸನ್ನೇ ಬದಲು ಮಾಡಿಕೊಳ್ಳುತ್ತಾರೆ. ಗೇಮಪ್ಪ ತನ್ನದನ್ನು ಅಲ್ಲಿ ಕೊಟ್ಟು, ಬೀಗನದನ್ನು ಕಿಸೆಯಲ್ಲಿಟ್ಟು, ಹೋಳಿಗೆಯ ಗುಂಗಿನಲ್ಲಿ ಸಂತೆಗೆ ಬಂದಿದ್ದ. ಝೆರಾಕ್ಸಿನಲ್ಲಿ ಮುಖವೆಂದರೆ ಕರಿ ಮಸಿಯ ಉಂಡೆ. ಅದು ತುಳಸಿರಾಮನೂ ಹೌದು, ಗೇಮಪ್ಪನೂ ಹೌದು, ಮನಸ್ಸು ಮಾಡಿದರೆ ನಾಯಕನೂ ಹೌದು.

"ನಾಕ ತಿಂಗಳು!" ತಾಂಡಾದವರು ಅಲ್ಲಲ್ಲಿ ಆಡಿದ್ದನ್ನೆಲ್ಲ ಕೇಳಿಸಿಕೊಂಡು ತುಳಸಿರಾಮ ಕುಣಿಯುತ್ತಿದ್ದ. "ಇಂವ ನನ್ನ ನಂಬರ್ ಹೊತ್ತು ಊರ ತುಂಬ ತೋರಿಸ್ಯಾನ! ಕಾಶೆವ್ವ ಅನ್ನಾಕಿಗೆ ಗೊತ್ತೈತಂತ, ಬ್ಯಾಂಕಿನಾಕಿಗೆ ಗೊತ್ತೈತಂತ, ಇಲ್ಲಿ ಹುಡುಗ್ಯಾರು ಹಗ್ಗ ಜಿಗಿಯೂದು ನನ್ನ ನಂಬರಿನ ಮ್ಯಾಲಂತ! ಯಾವ ಬೆಲ್ಲ, ಎಂಥಾ ಬೆಲ್ಲ! ಟ್ರ್ಯಾಕ್ಸ್ ತಿರುಗಸೋ!"

ಧರ್ಮಿಬಾಯಿ ಸೆರಗು ಬಾಯಿಗೆ ಹಿಡಿದಳು. ಸುಭಾಷ ಕಾಜಲ್ ಮುಖ ನೋಡಿದ. ಕಾಜಲ್ ಅಪ್ಪನ ಮುಖ ನೋಡಿದಳು.

ಗೇಮಪ್ಪ ಯಾರನ್ನೂ ನೋಡುತ್ತಿರಲಿಲ್ಲ. ಕಂಬಳಿಯ ಗದ್ದಲದಲ್ಲಿ ಸಡಿಲವಾಗಿದ್ದ ಬಟ್ಟೆಯನ್ನು ಹಲ್ಲಿನಿಂದ ಒಂದು ತುದಿ ಹಿಡಿದು, ಎಡಗೈಯಿಂದ ಸುತ್ತುತ್ತಿದ್ದ. ಮಣಿಕಟ್ಟಿನ ನಾಲ್ಕು ಅಂಕಿಗಳನ್ನೂ ಬಿಡದೆ ಮುಚ್ಚಿ, ಗಂಟು ಬಿಗಿದ. ಮೇಲೆ ಮಿಂಗೇಲನ ಟವೆಲ್ಲನ್ನೂ ಕಿತ್ತುಕೊಂಡು ಇನ್ನೊಂದು ಸುತ್ತು ಸುತ್ತಿದ.

"ಇನ್ನೇನ ಮುಚ್ಚತೀಯೋ?" ಎಂದ ನಾಯಕ. "ನಿನ್ನದಂತೂ ಅಲ್ಲ ಅಂತಾತು."

"ಅದಕ್ಕ ಮುಚ್ಚಾಕತ್ತೇನಿ. ನಂದ ಆಗಿದ್ರ ಮಗಳಿಗೋಸ್ಕರ ಇವತ್ತ ಬಿಚ್ಚಿ ಒಗದಬಿಡ್ತಿದ್ನಿ, ಹೋದ್ರ ನಂದ ಹೋಗ್ತಿತ್ತು. ಮಂದಿದು ಹೆಂಗ ತೋರಸ್ಲಿ?" ಎಂದ ಗೇಮಪ್ಪ. ತುಳಸಿರಾಮನ ಕಡೆ ತಿರುಗಿದ. "ಬೀಗ್ರ, ಗೊತ್ತಿಲ್ದ ತೋರಿಸಿದ್ದು ತಪ್ಪಾತು. ಗೊತ್ತಾದ ಮ್ಯಾಲೆ ಕೈ ಕಡದ್ರೂ ತೋರಸಂಗಿಲ್ಲ. ನೀವು ಸಂಬಂಧ ಮಾಡ್ರಿ, ಬಿಡ್ರಿ."

ತುಳಸಿರಾಮ ಬಾಯಿ ತೆರೆದ. ಅಷ್ಟರಲ್ಲಿ ಗೋದುಬಾಯಿ ಕೈಯೆತ್ತಿದಳು. ಅವನ ಬಾಯಿ ಅಭ್ಯಾಸದಂತೆ ಮುಚ್ಚಿತು. ಆಕೆ ಆವರೆಗೆ ಗಂಡನ ಕುಣಿತ ನೋಡುತ್ತ ಒಳಗೇ ಏನೋ ಗುಣಿಸುತ್ತಿದ್ದಳು.

"ಕೂಡ್ರಿ. ಟ್ರ್ಯಾಕ್ಸ್ ತಿರುಗಸಂತ. ತಿರುಗಿಸಿ ಹೋದ್ರ ಏನಾಗ್ತೈತಿ? ಇಂವ ನಾಳೆ ಮಗಳನ್ನ ಬ್ಯಾರೆ ಯಾರಿಗರ ಕೊಡ್ತಾನ. ಅವ್ರ ಮನಿ ಲಗ್ನಕ್ಕ, ಜವಳಕ್ಕ ನಿನ್ನ ನಂಬರ್ ಹೊತ್ಕೊಂಡ ಹೋಗಿ ಮೊದಲನೇ ಪಂಕ್ತಿಯಾಗ ಊಟಕ್ಕ ಕೂಡ್ತಾನ. ನಮ್ಮ ನಂಬರ್ ಬ್ಯಾರೆಯವ್ರ ಬೀಗ ಆಗಿ ತಿರಗ್ತೈತಿ. ಒಪ್ಪತೀಯೇನು?"

ತುಳಸಿರಾಮನಿಗೆ ಆ ಊಟದ ಪಂಕ್ತಿ ಕಣ್ಣಿಗೆ ಕಟ್ಟಿತು. ಕೂತುಬಿಟ್ಟ.

"ಇವ್ನ ನಮ್ಮ ಬೀಗ ಆದ್ರ ನಂಬರ್ ಮನಿಯಾಗ ಉಳೀತೈತಿ," ಎಂದು ಗೋದುಬಾಯಿ ತೀರ್ಪು ಮುಗಿಸಿದಳು. "ಮತ್ತ, ಮಂದಿದು ಅಂತ ಗೊತ್ತಾದ ಕೂಡ್ಲೆ ಮುಚ್ಚಿದ. ಅಂಥಾ ಮನಿ ಹುಡುಗಿ ನಮ್ಮ ಮನಿ ಮಾತು ಹೊರಗ ಹಾಕಂಗಿಲ್ಲ."

ತುಳಸಿರಾಮನಿಗೆ ಮರ್ಯಾದೆ ಉಳಿಸಿಕೊಳ್ಳಲು ಒಂದು ಶರತ್ತು ಬೇಕಿತ್ತು. ಅವನೂ ಬಲತೋಳಿನ ಅಂಗಿ ಮೇಲೆ ಸರಿಸಿದ. "ಆತು. ಆದ್ರ ಲೆಕ್ಕ ಸರಿ ಆಗ್ಬೇಕು. ನನ್ನ ನಂಬರ್ ಇವ್ನ ತೋಳಿನ ಮ್ಯಾಲಿದ್ರ ಇವ್ನ ನಂಬರ್ ನನ್ನ ತೋಳಿನ ಮ್ಯಾಲೆ ಇರಲಿ. ಹೇಳ್ರಿ ಬೀಗ್ರ, ನಿಮ್ಮ ನಂಬರ್ ಯಾವುದು?"

ಗೇಮಪ್ಪ ಸುತ್ತಲೂ ನಲವತ್ತು ಜನರನ್ನು ನೋಡಿ, ಬೀಗನ ಕಿವಿಗೆ ಬಾಯಿ ಇಟ್ಟ. ಇಟ್ಟವನು ಹಾಗೇ ಇದ್ದ. ಅವನಿಗೆ ಗೊತ್ತಿದ್ದುದು ಒಂದೇ ನಂಬರು, ಅದು ತುಳಸಿರಾಮನದು. ಕಾಜಲ್ ಕಡೆ ನೋಡಿದ, ಆಕೆಗೂ ಗೊತ್ತಿಲ್ಲ. ಧರ್ಮಿಬಾಯಿಗೆ ಎಮ್ಮೆಯದಷ್ಟೇ ಗೊತ್ತು. ಇಷ್ಟು ದಿನ ಇಡೀ ಮುಂಡಗೋಡ ತಾಲ್ಲೂಕಿನಲ್ಲಿ ಒಂದೇ ಒಂದು ಪಿಳ್ಳೆಗೂ ಗೊತ್ತಿಲ್ಲದಂತೆ ಉಳಿದ ಆಧಾರ್ ನಂಬರೆಂದರೆ ಗೇಮಪ್ಪನದು.

"ನಾವು ನಿಮಗ ಕೊಟ್ಟ ಝೆರಾಕ್ಸಿನ್ಯಾಗ ಇರಬೇಕಲ್ರಿ," ಎಂದಳು ಧರ್ಮಿಬಾಯಿ ಸಣ್ಣ ದನಿಯಲ್ಲಿ.

"ನಾ ನೋಡೇ ಇಲ್ಲಲ್ಲ ಅದನ್ನ," ಎಂದ ತುಳಸಿರಾಮ. "ಎಲ್ಲಿ ಹೋತು?"

"ಎಲ್ಲೂ ಹೋಗಿಲ್ಲ," ಎಂದಳು ಗೋದುಬಾಯಿ. "ಅವತ್ತ ಸಂಜೀನ ಮಡಚಿ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೇನಿ. ಮಂದಿ ಕಾಗದ ಕಂಡಲ್ಲಿ ಒಗಿಯಾಕ ಬರ್ತೈತೇನು? ಇದನ್ನ ಹೇಳಾಕ ನನಗ ಪೊಲೀಸ್ರು ಬೇಕಾಗಿಲ್ಲ."

ಸೊಂಟದಿಂದ ಕೀಲಿ ಬಿಚ್ಚಿದಳು. ಗೇಮಪ್ಪನಿಗೆ ಕೊಡುತ್ತಾಳೆಂದು ಅವನು ಕೈ ಚಾಚಿದ. ಅವನ ಕೈಗೆ ಕೀಲಿ ಕೊಟ್ಟರೆ ಏನಾಗುತ್ತದೆಂದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಗೋದುಬಾಯಿಗೂ ಈಗ ಗೊತ್ತಾಗಿತ್ತು. ಆಕೆ ಅವನನ್ನು ದಾಟಿ ಹೋಗಿ, ಬಾಗಿಲ ಮುಂದೆ ನಿಂತ ಕಾಜಲ್‌ಳ ಕೈ ಬಿಡಿಸಿ ಅದರಲ್ಲಿ ಕೀಲಿ ಇಟ್ಟು, ಬೆರಳು ಮಡಚಿದಳು.

"ಇನ್ನ ಇದು ನಿನ್ನ ಕಡೆ. ಮೊದಲನೇ ಕೆಲಸ, ನಿಮ್ಮಪ್ಪಗ ಆ ಝೆರಾಕ್ಸ್ ತೋರಸಬ್ಯಾಡ."

ತಿರುಗಿ ಬಂದು ತಾಟಿನಿಂದ ಬೆಲ್ಲದ ದೊಡ್ಡ ಹೆಂಟೆ ಎತ್ತಿ, ಇನ್ನೇನೋ ಹೇಳಲು ಬಾಯಿ ತೆರೆದಿದ್ದ ಗೇಮಪ್ಪನ ಬಾಯಿಗೆ ತುರುಕಿದಳು. ಅವನು ಹೇಳಬೇಕೆಂದಿದ್ದುದು ಏನೇ ಇರಲಿ, ಒಳಗೇ ಕರಗಿತು.